ತಿಂಗಳಿಗೊಂದೇ ರಿಪೇರಿ

ದೋಣಿಗಲ್
14 ಜುಲೈ 2024

ಶ್ರೀಮದ್ ವೈರಾಗ್ಯ ಚಕ್ರವರ್ತಿ, ಮೌನ ಸಾಮ್ರಾಜ್ಯದ ಯುವರಾಜ, ಮುಂಜಾನೆಯ ಗಂಟೆಗೆ ಹಾಸಿಗೆಯಿಂದ ಸಿಡಿದೇಳುವ ಶೂರ, ಒಂದು ಕಾಲದಲ್ಲಿ ತಂಗಿಯ ತಟ್ಟೆಯ ಹಂದಿಮಾಂಸವನ್ನೂ ಬಿಡದೆ ಕದ್ದು ಈಗ ಸರ್ವವನ್ನೂ ತ್ಯಜಿಸಿ ಕುಳಿತಿರುವ ಬ್ರದರ್ ಲಿಯಾನ್ ಅವರ ದಿವ್ಯ ಸನ್ನಿಧಾನಕ್ಕೆ, ದೋಣಿಗಲ್ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪಿಯೂಸ್ ಅವರ ಏಕಮಾತ್ರ ಪುತ್ರಿಯೂ ತಮ್ಮ ಏಕಮಾತ್ರ ತಂಗಿಯೂ ಆದ ಟೀನಾ ಸಾಷ್ಟಾಂಗವೆರಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಮನೆಯಲ್ಲಿ ಒಂದು ಸಾವಾಗಿದೆ.

ಗಾಬರಿಯಾಗಬೇಡ. ಮಮ್ಮಿ, ಪಪ್ಪಾ, ನಾಯಿ ಎಲ್ಲರೂ ಕ್ಷೇಮ. ತೀರಿಕೊಂಡದ್ದು ನಿನ್ನ ಗೇಮ್ ಕನ್ಸೋಲ್.

ನಿನಗಿಂತ ಮೊದಲು ಈ ಪತ್ರ ಓದುವ ಸನ್ಯಾಸಾರ್ಥಿಗಳ ಗುರುಗಳಾದ ನೊವಿಸ್ ಮಾಸ್ಟರ್ ಫಾದರ್ ಅವರಿಗೆ ಪ್ರತ್ಯೇಕ ನಮಸ್ಕಾರ. ಫಾದರ್, ನಿಮಗೆ ಕೊಂಕಣಿ ಬಾರದು, ಆದ್ದರಿಂದ ಮನೆಯವರು ಕನ್ನಡದಲ್ಲೇ ಬರೆಯಬೇಕು ಎಂದು ಅಣ್ಣ ಹೇಳಿದ್ದ. ನಮ್ಮ ಮನೆಯೊಳಗೆ ಕನ್ನಡದಲ್ಲಿ ಬೈಗುಳ ಬಿಟ್ಟು ಬೇರೇನನ್ನೂ ಆಡುವ ರೂಢಿಯಿಲ್ಲ. ಹಾಗಾಗಿ ಕಾಲೇಜಿನ ಕನ್ನಡ ಮೇಡಂ ಕಲಿಸಿದ ಭಾಷೆಯನ್ನೇ ಬಳಸುತ್ತಿದ್ದೇನೆ. ಗಾಂಭೀರ್ಯ ಹೆಚ್ಚಾಯಿತು ಅನ್ನಿಸಿದರೆ ಆ ತಪ್ಪು ಅವರದು.

ಈಗ ಮರಣದ ವಿವರ. ಕನ್ಸೋಲ್ ಎಂದರೆ ಎರಡು ಕೈಯಲ್ಲಿ ಹಿಡಿದು ಆಡುವ ಪುಟ್ಟ ಯಂತ್ರ, ಫಾದರ್. ನಡುವೆ ಪರದೆ, ಎರಡು ತುದಿಯಲ್ಲಿ ಗುಂಡಿ. ಕಂಪನಿಯವರು ತಾವು ಮಾರಿದ ಗೇಮುಗಳನ್ನು ಬಿಟ್ಟು ಬೇರೆಯದನ್ನು ಅದರಲ್ಲಿ ಓಡಲು ಬಿಡುವುದಿಲ್ಲ. ನಾನೋ, ಬಿಸಿಎ ಮೊದಲ ವರ್ಷದ ಅಹಂಕಾರದಲ್ಲಿ ಸ್ವಂತಕ್ಕೆ ಒಂದು ಗೇಮು ಬರೆದಿದ್ದೇನೆ. ಹುಡುಗಿಯೊಬ್ಬಳು ಕಾಫಿ ತೋಟದ ಒಳದಾರಿಯಲ್ಲಿ ಕಾಲೇಜು ಬಸ್ಸಿಗೆ ಓಡುತ್ತಾಳೆ. ಆನೆ ಯಾವ ಸಾಲಿನಲ್ಲಿದೆಯೋ ಗೊತ್ತಿಲ್ಲ, ಗೊತ್ತಾಗುವುದು ಕೊಂಬೆ ಮುರಿದ ಸದ್ದಿನಿಂದ ಮಾತ್ರ. ಅದನ್ನು ಅಣ್ಣನ ಕನ್ಸೋಲಿನಲ್ಲೇ ಓಡಿಸಬೇಕೆಂಬ ಆಸೆಯಿಂದ ಮಾಡ್‌ಚಿಪ್ ತರಿಸಿದೆ. ಉಗುರಿನಷ್ಟು ಬೋರ್ಡು ಅದು. ಒಳಗೆ ಬೆಸೆದರೆ ಕಂಪನಿಯ ಕಾವಲುಗಾರನ ಕಣ್ಣಿಗೆ ಮಣ್ಣೆರಚಿ ನಮ್ಮ ಗೇಮನ್ನು ಒಳಗೆ ಬಿಡುತ್ತದೆ.

ಶಸ್ತ್ರಚಿಕಿತ್ಸೆ ನಡೆದದ್ದು ಆಲೂರು ಬಸ್ ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯಲ್ಲಿ. ಅಂಗಡಿ ನಿನ್ನ ಡಿಪ್ಲೊಮಾ ಗೆಳೆಯ ಲೋಹಿತನದು, ಕೈ ಮಾತ್ರ ನನ್ನದು. ಬ್ಯಾಟರಿ, ಫ್ಯಾನು, ಪರದೆಯ ಪಟ್ಟಿ ಎಲ್ಲ ಕಳಚಿದೆ, ಚಿಪ್ ಬೆಸೆದೆ, ಎಲ್ಲವನ್ನೂ ಮತ್ತೆ ಜೋಡಿಸಿದೆ, ಶಿಲುಬೆಯ ಗುರುತು ಹಾಕಿಕೊಂಡು ಗುಂಡಿ ಒತ್ತಿದೆ. ಚಿಪ್ಪಿನ ದೀಪ ನೀಲಿಯಾಯಿತು, ಹಸಿರಾಯಿತು, ಆರಿತು. ಟಿಣ್ ಎಂದಿತು. ಪರದೆ ಮಾತ್ರ ಡಿಕಾಕ್ಷನ್ನಿನಷ್ಟು ಕಪ್ಪು. ಎಷ್ಟು ಸಲ ಒತ್ತಿದರೂ ಅಷ್ಟೇ. ಟಿಣ್ ಎನ್ನುತ್ತದೆ, ಮುಖ ತೋರಿಸುವುದಿಲ್ಲ.

ಆದಕಾರಣ ಪರಿಹಾರ ಬೇಕು. ನೆಟ್ಟಿನಲ್ಲಿ ನೋಡು ಎನ್ನಬೇಡ, ಅಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದನ್ನು ಬಿಚ್ಚಿ ಕಟ್ಟಿ ಬಲ್ಲವನು ನೀನೊಬ್ಬನೇ. ನೊವಿಶಿಯೇಟ್ ಎಂಬ ಸನ್ಯಾಸ ತರಬೇತಿ ಮುಗಿಯುವವರೆಗೆ ಫೋನಿಲ್ಲ, ತಿಂಗಳ ಎರಡನೆಯ ಭಾನುವಾರ ಮನೆಗೆ ಒಂದೇ ಪತ್ರ ಎಂಬ ನಿಮ್ಮ ನಿಯಮ ಗೊತ್ತಿದೆ. ಜೂನ್ ತಿಂಗಳದ್ದು ಬಂತು. ಮಮ್ಮಿಗೆ ಒಂದು ಪುಟ, ಪಪ್ಪನಿಗೆ ಅರ್ಧ ಪುಟ, ಕೊನೆಗೆ ‘ಟೀನಾ ಚೆನ್ನಾಗಿ ಓದಲಿ’ ಎಂಬ ಒಂದು ಸಾಲು.

ಓದುತ್ತಿದ್ದಾಳೆ. ಆ ಸಾಲನ್ನೇ ಓದುತ್ತಿದ್ದಾಳೆ.

ತಮ್ಮ ಕೃಪಾಕಟಾಕ್ಷಾಕಾಂಕ್ಷಿ ಅಪರಾಧಿ,
ಟೀನಾ


ಕೋಲಾರ ರಸ್ತೆ
11 ಆಗಸ್ಟ್ 2024

ಪ್ರೀತಿಯ ಟೀನಾ,

ಪ್ರಭುವಿನಲ್ಲಿ ಶಾಂತಿ. ನಿನ್ನ ಪತ್ರದ ಮೊದಲ ಪುಟ ಓದಿದ ಫಾದರ್ ಪ್ರಾರ್ಥನೆಯ ನಡುವೆಯೇ ನನ್ನನ್ನು ಕರೆಸಿ, ಮನೆಯಲ್ಲಿ ಯಾರು ಹೋದರು ಎಂದು ಕೇಳಿದರು. ಮುಂದಿನ ಸಲ ಸಾವನ್ನು ಎರಡನೆಯ ಪುಟಕ್ಕೆ ಇಡು.

ಬಿಟ್ಟು ಬಂದ ವಸ್ತುವಿನ ಬಗ್ಗೆ ನನಗೆ ಸಿಟ್ಟಿಲ್ಲ. ಸಿಟ್ಟು ಬರಬಾರದೆಂದು ಎರಡು ದಿನ ಪ್ರಾರ್ಥಿಸಿದೆ, ಹೋಯಿತು. ಆದರೂ ಒಂದು ಮಾತು ಕೇಳುತ್ತೇನೆ: ಬಿಚ್ಚುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಂಡೆಯಾ? ಇಲ್ಲ ಎಂದು ನನಗೆ ಗೊತ್ತು. ಕೇಳಿದ್ದು ನಿನಗೂ ಗೊತ್ತಾಗಲಿ ಎಂದು.

ಇಲ್ಲಿ ಎಲ್ಲ ಚೆನ್ನಾಗಿದೆ. ಬೆಳಿಗ್ಗೆ ಪ್ರಾರ್ಥನೆ, ಬಲಿಪೂಜೆ, ಆಮೇಲೆ ಹೊಲದ ಕೆಲಸ. ರಾಗಿ ಹಾಕಿದ್ದೇವೆ. ಆಕಾಶ ತುಂಬ ದೊಡ್ಡದು. ಮಂಜಿಲ್ಲದೆ ಬೆಳಿಗ್ಗೆ ಆಗುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ.

ಈಗ ರಿಪೇರಿ. ಕೇಳು. ಒಂದು ಸಲಕ್ಕೆ ಒಂದೇ ಹೆಜ್ಜೆ. ಎರಡು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಮೊದಲನೆಯದು: ಬ್ಯಾಟರಿಯ ತಂತಿ ತೆಗೆದು ಪಕ್ಕಕ್ಕಿಡು. ಬೆಸೆಯುವಾಗ ಬಳಿದ ಫ್ಲಕ್ಸ್ ಚಿಪ್ಪಿನ ಸುತ್ತ ಜೇನಿನ ಹಾಗೆ ಅಂಟಿಕೊಂಡಿರುತ್ತದೆ. ಸ್ಪಿರಿಟ್ ಮುಟ್ಟಿಸಿದ ಮೆತ್ತನೆಯ ಬ್ರಷ್ಷಿನಿಂದ ಅದನ್ನು ತೊಳೆದು ಒರೆಸು. ಪೂರ್ತಿ ಒಣಗಲಿ. ಬೇರೇನನ್ನೂ ಮುಟ್ಟಬೇಡ. ಏನಾಯಿತೆಂದು ಬರೆ.

ಈ ತಿಂಗಳ ಪತ್ರ ಇದೊಂದೇ. ಮಮ್ಮಿ ಪಪ್ಪನಿಗೂ ಓದಿ ಹೇಳು.

ಲಿಯಾನ್


ದೋಣಿಗಲ್
25 ಆಗಸ್ಟ್ 2024

ಪರಮಪೂಜ್ಯ ಫ್ಲಕ್ಸ್ ನಿವಾರಕ, ಬ್ಯಾಟರಿ ವಿಮೋಚಕ, ಏಕಹೆಜ್ಜೆ ಸಂಪ್ರದಾಯದ ಆದ್ಯ ಪ್ರವರ್ತಕರಿಗೆ,

ಓದಿ ಹೇಳು ಎಂದು ಬರೆದಿದ್ದೀಯ. ಓದುವ ಭಾಗ್ಯ ನನಗೆಲ್ಲಿ? ನಿನ್ನ ಪತ್ರ ಬಂದರೆ ಮಮ್ಮಿ ಅದನ್ನು ಸಂಜೆಯವರೆಗೆ ಒಡೆಯುವುದಿಲ್ಲ ಎಂಬುದನ್ನು ಮರೆತೆಯಾ? ಜಪಸರ ಮುಗಿದು ನಾವೆಲ್ಲ ಇನ್ನೂ ಮೊಣಕಾಲ ಮೇಲಿರುವಾಗಲೇ ಯೇಸುವಿನ ಪಟದ ಕೆಳಗಿನ ಬೆಳಕಿನಲ್ಲಿ ಒಡೆದು, ಇಗರ್ಜಿಯಲ್ಲಿ ಬೈಬಲಿನ ಪ್ರೇಷಿತರ ಪತ್ರ ಓದುವ ದನಿಯಲ್ಲೇ ಓದಿದಳು. ‘ಚಿಪ್ಪಿನ ಸುತ್ತ ಜೇನಿನ ಹಾಗೆ ಅಂಟಿಕೊಂಡಿರುತ್ತದೆ, ಅದನ್ನು ತೊಳೆದು ಒರೆಸು’ ಎಂಬಲ್ಲಿಗೆ ಬಂದಾಗ ಪಪ್ಪಾ ಅಭ್ಯಾಸಬಲದಿಂದ ಆಮೆನ್ ಅಂದುಬಿಟ್ಟರು. ನಾನು ನಗು ತಡೆಯಲು ದಿಂಬು ಕಚ್ಚಿದೆ. ಮೊಣಕಾಲಿಗೆ ದಿಂಬು ಹಾಕಿಕೊಂಡು ಪ್ರಾರ್ಥಿಸುವ ಪಾಪಿ ನಾನೊಬ್ಬಳೇ ಆದ್ದರಿಂದ ಅದೂ ಒದಗಿತು.

ಓದಿ ಮುಗಿಸಿ ಮಮ್ಮಿ ಹಾಳೆಯನ್ನು ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ. ‘ಹುಷಾರಾಗಿದ್ದಾನಲ್ಲ, ಸಾಕು’ ಎಂದು ಎದ್ದು ಒಳಗೆ ಹೋದಳು. ಪತ್ರವನ್ನು ಎಂದಿನಂತೆ ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟಿದ್ದಳು, ನಾನು ತೆಗೆದುಕೊಂಡೆ. ಹೆಸರು ನನ್ನದೇ ಇತ್ತಲ್ಲ.

ಶನಿವಾರ ಆಲೂರಿಗೆ ಹೋಗಿ ನಿನ್ನ ಆಜ್ಞೆಯಂತೆ ಒರೆಸಿದೆ. ಲೋಹಿತನ ಅಂಗಡಿಯಲ್ಲಿ ಸ್ಪಿರಿಟ್ ಮುಗಿದಿತ್ತು; ಪಪ್ಪಾ ಕ್ರಿಸ್ಮಸ್ಸಿಗೆಂದು ಬೀರುವಿನಲ್ಲಿಟ್ಟ ಬಾಟಲಿಯಿಂದ ಎರಡು ಮುಚ್ಚಳ ತರಲೇ ಎಂದು ಯೋಚಿಸಿದ್ದು ಸತ್ಯ, ತಂದದ್ದು ಮೆಡಿಕಲ್‌ನಿಂದ. ಮನೆಗೆ ತಂದ ಮೇಲೆ ಪಪ್ಪಾ ಬೋರ್ಡನ್ನು ನೋಡಿ ತಲೆಯಾಡಿಸಿ, ಇದು ಚಿಪ್ಪಿನ ದೋಷವಲ್ಲ, ಈ ವರ್ಷದ ಥಂಡಿ ಎಂದರು. ಸ್ಟೋರಿನಲ್ಲಿ ಕಾಫಿ ಬೀಜದ ತೇವ ಅಳೆಯುವ ಮೀಟರಿಗೆ ಅದನ್ನು ಹಾಕಿ ನೋಡಬೇಕಂತೆ, ಹನ್ನೊಂದು ಪರ್ಸೆಂಟಿಗಿಂತ ಕಡಿಮೆ ಬಂದರೆ ಮಾತ್ರ ಆನ್ ಮಾಡಬೇಕಂತೆ. ತಮಾಷೆಗೆ ಹೇಳಿದರೆಂದು ನಾನು ನಕ್ಕೆ. ಮಧ್ಯಾಹ್ನ ನೋಡಿದರೆ ಬೋರ್ಡು ಬಟ್ಟೆಯಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತಿತ್ತು, ಬಿತ್ತನೆ ಬೀಜದ ಪಕ್ಕದಲ್ಲಿ.

ಫಲಿತಾಂಶ: ಟಿಣ್. ಮುಖವಿಲ್ಲ. ಈಗ ಸ್ವಲ್ಪ ಹೊಗೆ ವಾಸನೆಯೂ ಇದೆ.

ಎರಡನೆಯ ಹೆಜ್ಜೆಗಾಗಿ ಕಾದಿದ್ದೇನೆ.

ಟೀನಾ


ಕೋಲಾರ ರಸ್ತೆ
8 ಸೆಪ್ಟೆಂಬರ್ 2024

ಪ್ರೀತಿಯ ಟೀನಾ,

ಇವತ್ತು ನಿಮಗೆ ತೆನೆ ಹಬ್ಬ. ಇಲ್ಲಿಯೂ ಮಾತೆ ಮರಿಯಮ್ಮನವರ ಜನ್ಮದಿನದ ಬಲಿಪೂಜೆ ಆಯಿತು, ಆದರೆ ತೆನೆ ಇಲ್ಲ, ಮಕ್ಕಳು ಹೂವು ಎರಚುವುದಿಲ್ಲ. ನನ್ನ ಜೊತೆಯವರಿಗೆ ವಿವರಿಸಲು ನೋಡಿದೆ: ಇಗರ್ಜಿಯಲ್ಲಿ ಮಂತ್ರಿಸಿದ ಹೊಸ ಭತ್ತ, ಅದನ್ನು ಸುಲಿದು ಕುಟ್ಟಿ ಹಾಲಿಗೆ ಹಾಕಿ ಪಪ್ಪಾ ಎಲ್ಲರಿಗೂ ಒಂದೊಂದು ಚಮಚ ಕೊಡುವುದು, ಆ ದಿನ ಮೀನು ಮಾಂಸವಿಲ್ಲದ ಊಟ. ಅವರು ತಲೆಯಾಡಿಸಿದರು. ರುಚಿ ಹೇಗಿರುತ್ತದೆ ಎಂದು ಒಬ್ಬ ಕೇಳಿದ. ನನ್ನ ಪಾಲಿನ ಚಮಚ ಯಾರು ಕುಡಿದರು?

ಬೋರ್ಡನ್ನು ಅಟ್ಟದಲ್ಲಿ ಒಣಗಿಸಿದ್ದನ್ನು ಫಾದರ್‌ಗೆ ನಾನೇ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಳುವುದಕ್ಕಲ್ಲ.

ಎರಡನೆಯ ಹೆಜ್ಜೆ: ಲೋಹಿತನ ಮೈಕ್ರೋಸ್ಕೋಪಿನ ಕೆಳಗೆ ನಿನ್ನ ಬೆಸುಗೆಯ ಪ್ರತಿಯೊಂದು ಬಿಂದುವನ್ನೂ ನೋಡು. ಎರಡು ಬಿಂದುಗಳ ನಡುವೆ ಕೂದಲೆಳೆಯಷ್ಟು ಸೋಲ್ಡರ್ ಹರಿದು ಕೂಡಿಕೊಂಡಿದ್ದರೆ ಅದೇ ಸಾಕು ಕೆಡುವುದಕ್ಕೆ. ಬಿಂದು ಹೊಳೆಯಬೇಕು, ಮಂಕಾಗಿದ್ದರೆ ಒಳಗೆ ಹಿಡಿದಿಲ್ಲ ಎಂದರ್ಥ, ಮತ್ತೆ ಬಿಸಿ ಮುಟ್ಟಿಸು. ಅವಸರ ಬೇಡ. ಬಿಸಿ ಮಾಡುವಾಗ ಉಸಿರು ಹಿಡಿದುಕೋ, ನಾನು ಹಾಗೇ ಮಾಡುತ್ತಿದ್ದೆ.

ಇಲ್ಲಿ ಸಂಜೆ ಧೂಪ ಹಾಕುತ್ತಾರೆ. ಒಮ್ಮೊಮ್ಮೆ ಆ ಹೊಗೆಯಲ್ಲಿ ಸೋಲ್ಡರಿನ ವಾಸನೆ ಬರುತ್ತದೆ. ಎರಡರಲ್ಲೂ ಇರುವುದು ಮರದ ಅಂಟೇ ತಾನೆ. ಆಗ ನನ್ನ ಬೆರಳುಗಳು ತಾವಾಗಿಯೇ ಏನನ್ನೋ ಹಿಡಿದುಕೊಳ್ಳುತ್ತವೆ.

ಲಿಯಾನ್

ಮಮ್ಮಿಗೆ: ಹುಷಾರಾಗಿದ್ದೇನೆ. ಈ ಸಲ ಹಿಂದಿನ ಪುಟದಲ್ಲೂ ಬರೆದಿದ್ದೇನೆ, ನೋಡು.


ದೋಣಿಗಲ್
29 ಸೆಪ್ಟೆಂಬರ್ 2024

ಧೂಪದಲ್ಲಿ ಸೋಲ್ಡರ್ ಕಂಡ ಮಹಾದಾರ್ಶನಿಕರಿಗೆ,

ನಿನ್ನ ಪಾಲಿನ ಚಮಚವನ್ನು ಯಾರೂ ಕುಡಿಯಲಿಲ್ಲ. ಪಪ್ಪಾ ಎರಡು ತೆನೆ ಎತ್ತಿಟ್ಟಿದ್ದರು. ಈ ಕವರಿನ ಮೂಲೆಯಲ್ಲಿ ಗರಗರ ಎನ್ನುತ್ತಿರುವುದು ಅದೇ ಕಾಳು. ಫಾದರ್, ಇದು ನಿಷಿದ್ಧ ವಸ್ತುವಲ್ಲ, ಮಂತ್ರಿಸಿದ್ದು. ಬೇಕಾದರೆ ತಾವೂ ಎರಡು ತೆಗೆದುಕೊಳ್ಳಿ.

ಬೆಸುಗೆ ನೋಡಿದೆ. ಎರಡು ಬಿಂದು ಮಂಕಾಗಿದ್ದವು. ಉಸಿರು ಹಿಡಿದು ಬಿಸಿ ಮುಟ್ಟಿಸಿದೆ. ಹಾಗೆ ಹಿಡಿದಿದ್ದಾಗ ಹಿಂದಿನಿಂದ ಲೋಹಿತ, ಉಸಿರಾಡೇ ಮಾರಾಯ್ತಿ, ನಿಮ್ಮಣ್ಣ ಬಿಟ್ಟು ಹೋದ ಯಂತ್ರಕ್ಕೆ ನೀನೂ ಪ್ರಾಣ ಬಿಡಬೇಡ ಎಂದ. ಬಿಂದುಗಳೆಲ್ಲ ಈಗ ಮಿಣಮಿಣ ಹೊಳೆಯುತ್ತಿವೆ. ಪರದೆ ಮಾತ್ರ ಹಾಗೇ.

ಬರುವಾಗ ಕೊನೆಯ ಬಸ್ಸು ದೋಣಿಗಲ್ಲಿನ ತಿರುವಿನಲ್ಲಿ ನಿಂತೇಬಿಟ್ಟಿತು. ಮುಂದೆ ಆನೆ. ಒಂಟಿ. ಡ್ರೈವರ್ ದೀಪ ಆರಿಸಿದ, ನಾವೆಲ್ಲ ಸುಮ್ಮನೆ ಕೂತೆವು. ಅದು ಎಲ್ಲಿಗೆ ಹೋಗಬೇಕೆಂದು ಮರೆತವರ ಹಾಗೆ ಬಹಳ ಹೊತ್ತು ರಸ್ತೆಯ ನಡುವೆ ನಿಂತು, ಆಮೇಲೆ ಬಂದ ದಾರಿಗೇ ತಿರುಗಿ ಹೋಯಿತು. ನನ್ನ ಗೇಮಿನಲ್ಲಿ ಆನೆ ಹಿಂದಕ್ಕೆ ತಿರುಗುವುದಿಲ್ಲ. ಅದನ್ನು ತಿದ್ದಬೇಕು.

ಇನ್ನೊಂದು ವಿಷಯ. ನಿನ್ನ ಕಪಾಟಿನಲ್ಲಿ ನನ್ನ ಬಟ್ಟೆ ಇಟ್ಟುಕೊಂಡಿದ್ದೆ, ತೆಗೆದಿದ್ದೇನೆ. ನಿನ್ನ ಟೇಬಲ್ಲಿನ ಮೇಲಿನ ಸಾಮಾನನ್ನೂ ಒರೆಸಿಟ್ಟೆ. ಯಾಕೆಂದು ಕೇಳಬೇಡ. ಬೆರಳುಗಳು ತಾವಾಗಿಯೇ ಹಿಡಿದುಕೊಳ್ಳುತ್ತವೆ ಎಂದು ಬರೆದವನು ನೀನು. ನನಗೆ ಅರ್ಥವಾಗುವುದಿಲ್ಲವೇ? ಮಮ್ಮಿಗೆ ಏನೂ ಹೇಳಿಲ್ಲ.

ಟೀನಾ


ಕೋಲಾರ ರಸ್ತೆ
13 ಅಕ್ಟೋಬರ್ 2024

ಪ್ರೀತಿಯ ಟೀನಾ,

ಕಾಳು ತಲುಪಿತು. ಫಾದರ್ ನಿಜಕ್ಕೂ ಎರಡು ತೆಗೆದುಕೊಂಡರು.

ಕಪಾಟು ಯಾಕೆ ಖಾಲಿ ಮಾಡಿದೆ? ಆ ಮನೆಯ ಥಂಡಿಗೆ ನಿನ್ನ ಬಟ್ಟೆ ಬೂಷ್ಟು ಹಿಡಿಯುತ್ತದೆ, ಮತ್ತೆ ಅಲ್ಲಿಯೇ ಇಡು. ಗೇಮು ಆಡುವುದಕ್ಕೆ ಆಗುತ್ತಿಲ್ಲ ಎಂಬ ನಿನ್ನ ಬೇಜಾರು ನನಗೆ ಅರ್ಥವಾಗುತ್ತದೆ. ಸರಿಯಾಗುತ್ತದೆ.

ಮೂರನೆಯ ಹೆಜ್ಜೆಗೆ ಚಿತ್ರ ಬರೆದಿದ್ದೇನೆ, ಎರಡು ಹಾಳೆ. ನೆನಪಿನಿಂದ ಬರೆದದ್ದು, ಆದರೂ ಒಂದು ಸ್ಕ್ರೂ ಕೂಡ ತಪ್ಪಿರಲಿಕ್ಕಿಲ್ಲ. ಪ್ರೊಸೆಸರಿನ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಕೆಪಾಸಿಟರುಗಳ ಸಾಲಿದೆ, ಗುರುತು ಹಾಕಿದ್ದೇನೆ. ಬೆಸೆಯುವಾಗ ಕೈ ತಾಗಿ ಒಂದು ಉದುರಿದ್ದರೂ ಉದುರಿರಬಹುದು. ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಎಲ್ಲಾದರೂ ಕಿಂಡಿ ಕಾಣುತ್ತದೆಯೇ, ಚಿತ್ರದ ಜೊತೆ ಹೋಲಿಸಿ ನೋಡು. ಬೇರೆಯದನ್ನು ಮುಟ್ಟಬೇಡ. ನಿಧಾನವಾಗಿ ನೋಡು.

ಲಿಯಾನ್

(ಅಂಚಿನಲ್ಲಿ, ಬೇರೆ ಅಕ್ಷರದಲ್ಲಿ: ಮಗಳೇ, ನಿನ್ನ ಪತ್ರ ಬಂದ ದಿನ ಇಲ್ಲಿ ಎಲ್ಲರಿಗೂ ನಗು. ಆದರೆ ಮುಂದಿನ ತಿಂಗಳು ನಿನ್ನಣ್ಣ ತಾಯಿಗೆ ಬರೆಯಲಿ. ಅವರೂ ಕಾಯುತ್ತಾರಲ್ಲವೇ?)


ದೋಣಿಗಲ್
15 ಡಿಸೆಂಬರ್ 2024

ಅಣ್ಣಾ,

ನವೆಂಬರಿನ ಪತ್ರ ಬಂತು. ಮಮ್ಮಿಗೆ ನಾಲ್ಕು ಪುಟ. ಮೂರು ಕಡೆ ಹಿಂದಿನ ಸಾಲಿಗೆ ಹೋಗಿ ಮತ್ತೆ ಓದಿದಳು. ಪಪ್ಪಾ ನೀರು ತಂದುಕೊಟ್ಟರು. ಫಾದರ್ ಹೇಳಿದ್ದು ಸರಿ. ಅವಳೂ ಕಾಯುತ್ತಿದ್ದಳು, ನಾನು ನೋಡಿರಲಿಲ್ಲ.

ಕೊನೆಯಲ್ಲಿ ‘ಟೀನಾ ಚೆನ್ನಾಗಿ ಓದಲಿ’ ಎಂದಿತ್ತು.

ಡಿಸೆಂಬರಿನದು ಇನ್ನೂ ಬಂದಿಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ, ಪತ್ರ ಇಲ್ಲ ಎಂದು ಇಗರ್ಜಿಯ ಸ್ವಾಮಿಗಳು ಮಮ್ಮಿಗೆ ಹೇಳಿದರಂತೆ. ಆ ಕೆಪಾಸಿಟರಿನ ಸಾಲನ್ನು ನಾನು ನೋಡಿಲ್ಲ. ನೋಡಿ ಬರೆದರೆ ನೀನು ಓದುವುದು ಯಾವಾಗಲೋ.

ಅರೇಬಿಕಾ ಕೊಯ್ಲು ನಡೆದಿದೆ. ಪಪ್ಪಾ ಬೆಳಗಾದರೆ ಕೂಲಿಯವರ ಲೈನಿನ ಕಡೆ, ಕತ್ತಲಾದರೆ ಸ್ಟೋರಿನ ಕಡೆ. ಹಬ್ಬದ ತಿಂಡಿ ಕುಸ್ವಾರ್ ಮಾಡಲು ಮಮ್ಮಿ ಹಿಟ್ಟು ನಾದಿಟ್ಟು, ಕರ್ಜಿಕಾಯಿಯಂಥ ನೇವರಿ ಒತ್ತಲು ಲಿಯಾನನನ್ನು ಕರೆ ಅಂದಳು. ಅಂದು ಬಿಟ್ಟು ಹಿಟ್ಟಿನ ತಟ್ಟೆಯನ್ನು ನನ್ನ ಕಡೆ ಸರಿಸಿದಳು. ನಾನು ಒತ್ತಿದೆ. ಅಂಚು ಬಿಟ್ಟುಕೊಂಡು ಅರ್ಧಕ್ಕರ್ಧ ಎಣ್ಣೆಯಲ್ಲಿ ಬಾಯ್ತೆರೆದವು.

ನಿನಗೆ ಕ್ರಿಸ್ಮಸ್ಸಿನ ಶುಭಾಶಯ. ಬಿರುದು ಬರೆಯಲು ಈ ಸಲ ಕೂರಲಾಗಲಿಲ್ಲ.

ಟೀನಾ


ಕೋಲಾರ ರಸ್ತೆ
12 ಜನವರಿ 2025

ಪ್ರೀತಿಯ ಟೀನಾ,

ಬಿರುದುಗಳಿಲ್ಲದ ನಿನ್ನ ಪತ್ರವನ್ನು ಎರಡೆರಡು ಸಲ ಓದಿದೆ, ಬೇರೆ ಯಾರೋ ಬರೆದರೇನೋ ಅನ್ನಿಸಿ.

ಅಕ್ಟೋಬರಿನಲ್ಲಿ ನಡೆದದ್ದು ಹೇಳುತ್ತೇನೆ. ನನ್ನ ಪ್ರಾರ್ಥನೆ ಪುಸ್ತಕ ಫಾದರ್ ಕೈಗೆ ಸಿಕ್ಕಿತು. ಅದರ ಅಂಚುಗಳಲ್ಲೆಲ್ಲ ಬೋರ್ಡಿನ ಚಿತ್ರ ಗೀಚಿದ್ದೆ. ಅವರು ಬೈಯಲಿಲ್ಲ. ‘ಇಷ್ಟೊತ್ತಿಗೆ ಅದು ರಿಪೇರಿ ಆಗಬೇಕಿತ್ತಲ್ಲ, ಲಿಯಾನ್?’ ಎಂದಷ್ಟೇ ಕೇಳಿದರು. ಆಮೇಲೆ ನಾನಾಗಿಯೇ ಆಗಮನ ಕಾಲದಲ್ಲಿ ಪತ್ರ ಬೇಡ ಎಂದುಕೊಂಡೆ. ನಿಯಮ ಹಾಗಿರಲಿಲ್ಲ. ಇಗರ್ಜಿಯ ಸ್ವಾಮಿಗಳು ಏನೋ ಸಮಾಧಾನಕ್ಕೆ ಹೇಳಿರಬೇಕು.

ಮೇ ತಿಂಗಳಲ್ಲಿ ಸನ್ಯಾಸದ ಮೊದಲ ವ್ರತ ತೆಗೆದುಕೊಳ್ಳುತ್ತೇನೆ. ಅದಾದ ಮೇಲೆ ಅಸ್ಸಾಮಿನ ಕಡೆ ನಮ್ಮ ಸನ್ಯಾಸಿ ಸಭೆಯ ಶಾಲೆಯೊಂದಕ್ಕೆ ಕಳಿಸುತ್ತಾರೆ. ಎಷ್ಟು ವರ್ಷ ಎಂದು ಹೇಳಿಲ್ಲ. ಮಮ್ಮಿಗೆ ಫೆಬ್ರವರಿಯಲ್ಲಿ ನಾನೇ ಬರೆಯುತ್ತೇನೆ. ಇದನ್ನು ಮಾತ್ರ ಜಪಸರದ ಹೊತ್ತಿಗೆ ಓದಲು ಕೊಡಬೇಡ. ಕಾಲೇಜಿನ ವಿಳಾಸಕ್ಕೆ ಕಳಿಸಿದ್ದು ಅದಕ್ಕೇ.

ಕೊನೆಯ ಹೆಜ್ಜೆ: ಚಿಪ್ಪನ್ನೇ ಬಿಸಿ ಮಾಡಿ ತೆಗೆದುಬಿಡು. ಯಂತ್ರ ಮೊದಲಿನ ಹಾಗೆ ಆದರೂ ಆಗಬಹುದು. ಆಗದಿದ್ದರೆ ಬಿಡು. ಏನೇ ಆದರೂ ಅದನ್ನು ಯಾರಿಗಾದರೂ ಕೊಟ್ಟುಬಿಡು. ವ್ರತ ತೆಗೆದುಕೊಳ್ಳುವವನ ಹೆಸರಿನಲ್ಲಿ ಸಾಮಾನು ಇರಬಾರದು.

ಲಿಯಾನ್


ದೋಣಿಗಲ್
16 ಫೆಬ್ರವರಿ 2025

ಅಣ್ಣಾ,

ಫಾದರ್, ಇದನ್ನು ನೀವೂ ಪೂರ್ತಿ ಓದಿ.

ಚಿಪ್ ತೆಗೆದಿಲ್ಲ. ತೆಗೆಯಲೆಂದು ಹೋದೆ. ಲೋಹಿತ ಐರನ್ ಬಿಸಿ ಮಾಡಿ ಕೈಗೆ ಕೊಟ್ಟ. ಕೊಟ್ಟು, ‘ತೆಗೆದ್ಬುಟ್ರೆ ಮುಗ್ದೋಯ್ತಲ್ಲೇ. ಆಮೇಲೆ ಏನಂತ ಬರೀತೀಯ?’ ಅಂದ. ಐರನ್ ಮತ್ತೆ ಸ್ಟ್ಯಾಂಡಿಗೆ ಇಟ್ಟೆ.

ನಿನಗೆ ಒಂದು ವಿಷಯ ಹೇಳಿಲ್ಲ. ಜುಲೈ ತಿಂಗಳಲ್ಲಿ, ಪರದೆ ಕಪ್ಪಾದ ಮೊದಲ ಶನಿವಾರವೇ ಲೋಹಿತ ಕೈ ಚಾಚಿದ್ದ.

‘ಕೊಡ್ ಇಲ್ಲಿ. ಹತ್ ನಿಮ್ಷದ್ ಕೆಲ್ಸ ಐತೆ ಅಷ್ಟೇ.’

‘ಬೇಡ. ಅಣ್ಣನ್ನ ಕೇಳ್ತೀನಿ.’

‘ಅವ್ನು ತಿಂಗ್ಳಿಗ್ ಒಂದ್ ಕಾಗ್ದ ಬರೀತಾನೆ ಕಣೆ.’

‘ಅದಕ್ಕೇ.’

ಅವನು ನನ್ನ ಮುಖ ನೋಡಿದ. ಮತ್ತೆ ಆ ಮಾತು ಎತ್ತಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಶನಿವಾರ ಹೋದರೆ ಸ್ಟೂಲ್ ಎಳೆದು ಕೊಡುತ್ತಾನೆ, ನೀನು ಬರೆದ ಹೆಜ್ಜೆ ನಾನು ಮಾಡುವುದನ್ನು ನೋಡುತ್ತಾನೆ, ಗಿರಾಕಿ ಬಂದರೆ ಎದ್ದು ಹೋಗುತ್ತಾನೆ.

ನನಗೆ ಗೇಮು ಬೇಕಿರಲಿಲ್ಲ, ಅಣ್ಣಾ. ಆ ಒಂದು ಸಾಲಿನ ಬದಲು ಪೂರ್ತಿ ಪುಟ ಬೇಕಿತ್ತು. ನೀನು ಬೆರಳಿನ ಬಗ್ಗೆ ಬರೆದಾಗ, ಬಂದೇಬಿಡುತ್ತೀಯ ಎಂದುಕೊಂಡೆ. ಕಪಾಟು ಖಾಲಿ ಮಾಡಿದ್ದು ಅದಕ್ಕೆ. ನಿನಗದು ಗೇಮಿನ ಬೇಜಾರಾಗಿ ಕಂಡಿತು.

ಅಸ್ಸಾಮಿನಲ್ಲಿ ಫೋನ್ ಕೊಡುತ್ತಾರೆ, ದಿನಾ ಮಾತಾಡಬಹುದು ಎಂದು ಮಮ್ಮಿ ನಿನ್ನ ಪತ್ರ ಓದಿದ ಮೇಲೆ ತನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತಿದ್ದಾಳೆ. ಫೋನಿನಲ್ಲಿ ನೀನು ಊಟ ಆಯ್ತಾ ಎಂದು ಕೇಳಿ ಇಡುತ್ತೀಯ. ಧೂಪದ ವಾಸನೆ ಬರೆದದ್ದು ಪತ್ರದಲ್ಲಿ.

ಹೋಗಬೇಡ ಎಂದು ಬರೆಯಲು ಕೂತಿದ್ದೆ. ಬರೆದು ನಿನ್ನ ಮನಸ್ಸು ಅಲ್ಲಾಡಿದರೆ ಅದು ಜನ್ಮವಿಡೀ ನನ್ನ ತಲೆಯ ಮೇಲೆ. ಅಲ್ಲಾಡದಿದ್ದರೆ ಅದೂ ನನ್ನ ತಲೆಯ ಮೇಲೆ. ಹಾಗಾಗಿ ಬರೆದಿಲ್ಲ. ಬರೆಯದೆಯೇ ಕಳಿಸುತ್ತಿದ್ದೇನೆ.

ಕನ್ಸೋಲನ್ನು ಯಾರಿಗೂ ಕೊಡುವುದಿಲ್ಲ. ನಿನ್ನ ಹೆಸರಿನಲ್ಲಿ ಇರಬಾರದೆಂದರೆ ನನ್ನ ಹೆಸರಿಗೆ ಮಾಡು.

ಟೀನಾ


ಕೋಲಾರ ರಸ್ತೆ
9 ಮಾರ್ಚ್ 2025

ಟೀನಾ,

ಈ ಪತ್ರವನ್ನು ಯಾರೂ ಓದಿಲ್ಲ. ನಿನ್ನದನ್ನು ಫಾದರ್ ಪೂರ್ತಿ ಓದಿ, ಮಡಿಸಿ, ನನ್ನ ಕೈಗಿಟ್ಟು, ಉತ್ತರವನ್ನು ಅಂಟಿಸಿಯೇ ತಾ ಅಂದರು.

ನೀನು ಬರೆಯದೆ ಬಿಟ್ಟ ಮಾತು ತಲುಪಿತು. ನಾನು ಹೋಗುತ್ತೇನೆ, ಟೀನಾ. ಎಷ್ಟು ಸಲ ಕೇಳಿಕೊಂಡರೂ ಉತ್ತರ ಬದಲಾಗಲಿಲ್ಲ. ನಿನ್ನಿಂದ ದೂರ ಹೋಗುವ ಆಸೆ ಅದರಲ್ಲಿ ಎಳ್ಳಷ್ಟೂ ಇಲ್ಲ ಎಂದು ನಿನಗೆ ಹೇಗೆ ತಿಳಿಸಲಿ ಎಂಬುದಕ್ಕೆ ಮಾತ್ರ ಉತ್ತರ ಸಿಗುತ್ತಿರಲಿಲ್ಲ. ಈಗ ಸಿಕ್ಕಿದೆ, ಕೆಳಗೆ ಬರೆಯುತ್ತೇನೆ.

ವ್ರತಕ್ಕೆ ಮುಂಚೆ ಒಂದು ವಾರ ಮನೆಗೆ ಕಳಿಸುತ್ತಾರೆ. ಈಸ್ಟರ್ ಆದ ಮೇಲೆ ಬರುತ್ತೇನೆ. ಸಕಲೇಶಪುರದ ಬಸ್ ಸ್ಟ್ಯಾಂಡಿಗೆ ನೀನು ಬರಬೇಡ, ಅಳುತ್ತೀಯ, ಜನ ನೋಡುತ್ತಾರೆ. ಅಳುವವನು ನಾನೂ ಆಗಿರಬಹುದು. ಕಪಾಟಿನಲ್ಲಿ ನಿನ್ನ ಬಟ್ಟೆ ಹಾಗೇ ಇರಲಿ, ನನ್ನದನ್ನು ತೂಗುಹಾಕಲು ಒಂದು ಮೊಳೆ ಸಾಕು.

ಕನ್ಸೋಲ್ ನಿನ್ನದು. ಈಗ ಅದನ್ನು ತೆಗೆದುಕೋ. ಹಿಂದಿನ ಮುಚ್ಚಳ ಬಿಚ್ಚು. ಪರದೆಯಿಂದ ಬರುವ ಚಪ್ಪಟೆ ಪಟ್ಟಿ ಬೋರ್ಡನ್ನು ಸೇರುವ ಕಡೆ ಒಂದು ಸಣ್ಣ ಚಿಲಕವಿದೆ, ಕಪ್ಪು ಬಣ್ಣದ್ದು. ಅದು ಎದ್ದು ನಿಂತಿರುತ್ತದೆ. ಪಟ್ಟಿಯನ್ನು ಒಳಗೆ ತಳ್ಳಿ ಉಗುರಿನಿಂದ ಚಿಲಕವನ್ನು ಮಲಗಿಸು. ಅಷ್ಟೇ. ಲೋಹಿತ ಹೇಳಿದ ಹತ್ತು ನಿಮಿಷವೂ ಬೇಡ. ಚಿಪ್ಪಿನಲ್ಲಿ ಏನೂ ದೋಷವಿಲ್ಲ, ನಿನ್ನ ಬೆಸುಗೆಯೂ ಮೊದಲೇ ಚೆನ್ನಾಗಿದ್ದಿರಬೇಕು.

ಇದು ನನಗೆ ಜುಲೈಯಲ್ಲೇ ಗೊತ್ತಿತ್ತು. ನಿನ್ನ ಮೊದಲ ಪತ್ರವನ್ನು ಓದಿ ಮುಗಿಸುವ ಮುಂಚೆಯೇ. ಫ್ಲಕ್ಸ್ ಒರೆಸಿದರೂ ಆಗುವುದಿಲ್ಲ, ಕೆಪಾಸಿಟರಿನ ಸಾಲನ್ನು ಎಷ್ಟು ನೋಡಿದರೂ ಆಗುವುದಿಲ್ಲ ಎಂದು ಗೊತ್ತಿದ್ದೇ ಬರೆದೆ. ಒಂದು ಸಲಕ್ಕೆ ಒಂದೇ ಹೆಜ್ಜೆ ಎಂಬ ನಿಯಮ ರಿಪೇರಿಯದ್ದಲ್ಲ, ನಾನು ಮಾಡಿಕೊಂಡದ್ದು. ಎಲ್ಲ ಒಂದೇ ಸಲ ಹೇಳಿಬಿಟ್ಟಿದ್ದರೆ ಆಗಸ್ಟಿನಲ್ಲೇ ನೀನು ಥ್ಯಾಂಕ್ಸ್ ಎಂದು ಬರೆದು ನಿಲ್ಲಿಸುತ್ತಿದ್ದೆ.

ಇಲ್ಲಿ ಪ್ರತಿ ಶನಿವಾರ ಪಾಪನಿವೇದನೆ ಇದೆ. ಪ್ರಾರ್ಥನೆಯಲ್ಲಿ ತೂಕಡಿಸಿದ್ದು, ಬೇರೆಯವನ ಪಾಲಿನ ಬೆಲ್ಲ ತಿಂದದ್ದು, ಎಲ್ಲ ಹೇಳಿಕೊಂಡಿದ್ದೇನೆ. ಇದೊಂದನ್ನು ಇನ್ನೂ ಹೇಳಿಲ್ಲ. ಹೇಳಬೇಕಾದರೆ ಮೊದಲು ಪಶ್ಚಾತ್ತಾಪ ಆಗಿರಬೇಕು.

ಅದು ಇನ್ನೂ ಆಗಿಲ್ಲ.

ಲಿಯಾನ್